ಅದೇ ಊಟ, ಅದೇ ಕಾಫಿ: ಹೊತ್ತು, ಜೊತೆ, ಅಳತೆ ಸರಿಪಡಿಸಿಕೊಳ್ಳುವ ಬಗೆ

ಚಹಾ ಪೊಟ್ಟಣದ ಮೇಲೆ ಆಂಟಿಆಕ್ಸಿಡೆಂಟ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಆ ಪಾಲಿಫಿನಾಲ್‌ಗಳೇ ಊಟದಲ್ಲಿರುವ ಕಬ್ಬಿಣದ ಅಂಶವನ್ನು ಕರುಳಿನಲ್ಲಿ ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಎಳನೀರಿನ ಪೊಟ್ಯಾಸಿಯಂ ಬಿಸಿಲಿನಲ್ಲಿ ದುಡಿದು ಬಂದವರಿಗೆ ಹಿತ, ಮೂತ್ರಪಿಂಡ ಸೋತವರಿಗೆ ಅಪಾಯ. ರಾಗಿಗೆ ಮೊಳಕೆ ಬರಿಸಿದರೆ ಕೂಸಿಗೆ ಸೊಗಸಾದ ಆಹಾರವಾಗುತ್ತದೆ; ಅದೇ ಹಿಟ್ಟಿನ ತೆಳು ಗಂಜಿ ಮಧುಮೇಹ ಇರುವ ಅಜ್ಜನ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ನಾವು ದಿನವೂ ತಿನ್ನುವ ಬಹುಪಾಲು ಪದಾರ್ಥಗಳಲ್ಲಿ ಲಾಭ ಮತ್ತು ನಷ್ಟ ಬೇರೆ ಬೇರೆ ಮೂಲೆಗಳಲ್ಲಿ ಇರುವುದಿಲ್ಲ. ಒಂದೇ ಗುಣ ಒಬ್ಬರಿಗೆ ಉಪಕಾರಿ, ಇನ್ನೊಬ್ಬರಿಗೆ ತೊಂದರೆ. ಒಂದು ಹೊತ್ತಿನಲ್ಲಿ ಸರಿ, ಇನ್ನೊಂದು ಹೊತ್ತಿನಲ್ಲಿ ತಪ್ಪು.

ಆದ್ದರಿಂದ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯಿಂದ ಹೊರಡುವುದು ನನಗೆ ಸರಿಕಾಣುವುದಿಲ್ಲ. ಮನೆಯವರ ಬಾಯಿರುಚಿ ಕೆಡಿಸದೆ, ದುಬಾರಿ ಪುಡಿಗಳನ್ನು ತರದೆ, ಇರುವ ಅಡುಗೆಯಲ್ಲೇ ಹೊತ್ತು, ಜೊತೆ ಮತ್ತು ಅಳತೆಯನ್ನು ಬದಲಿಸಿ ಎಷ್ಟೋ ಸರಿಪಡಿಸಬಹುದು. ಖರ್ಚಿಲ್ಲದ ಬದಲಾವಣೆಗಳನ್ನು ಮೊದಲು ಇಟ್ಟಿದ್ದೇನೆ. ವಾರಕ್ಕೆ ಒಂದು ಹೆಜ್ಜೆ ಸಾಕು. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದರೆ ಗುರುವಾರಕ್ಕೆ ಕೈಬಿಟ್ಟಿರುತ್ತೀರಿ.

ಹೆಜ್ಜೆ 1: ಮೂರು ದಿನ ಬರೆದಿಡಿ

ಒಂದು ಹಳೆಯ ನೋಟ್‌ಬುಕ್ ಸಾಕು. ಎರಡು ಕೆಲಸದ ದಿನ, ಒಂದು ಭಾನುವಾರ ಆರಿಸಿಕೊಳ್ಳಿ. ಏನು ತಿಂದಿರಿ ಎನ್ನುವುದರ ಜೊತೆಗೆ ಎಷ್ಟು ಗಂಟೆಗೆ ತಿಂದಿರಿ, ಅದರ ಹಿಂದೆ ಮುಂದೆ ಏನು ಕುಡಿದಿರಿ, ಯಾವ ಮಾತ್ರೆ ನುಂಗಿದಿರಿ ಎಂಬುದನ್ನೂ ಬರೆಯಿರಿ. ಕಚೇರಿಯ ಹನ್ನೊಂದು ಗಂಟೆಯ ಟೀ, ಅದರ ಜೊತೆಯ ಎರಡು ಬಿಸ್ಕತ್ತು, ಸಂಜೆ ಡಬ್ಬದಿಂದ ಕೈತುಂಬ ತೆಗೆದ ಖಾರ, ದೇವಸ್ಥಾನದ ಪ್ರಸಾದ, ಮಗು ಬಿಟ್ಟ ಅರ್ಧ ದೋಸೆ ಎಲ್ಲವೂ ಪುಟಕ್ಕೆ ಬರಲಿ. ಕಾಫಿಗೆ ಎಷ್ಟು ಚಮಚ ಸಕ್ಕರೆ ಎಂಬುದೂ ಇರಲಿ.

ಮೂರನೆಯ ದಿನದ ರಾತ್ರಿ ಪುಟ ತಿರುವಿ ಮೂರು ಕಡೆ ಗುರುತು ಹಾಕಿ. ಊಟ ತಿಂಡಿಯ ಒಂದು ಗಂಟೆಯೊಳಗೆ ಕುಡಿದ ಕಾಫಿ, ಚಹಾ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು, ಮಾಂಸ ಯಾವುದೂ ಇಲ್ಲದೆ ಬರೀ ಅಕ್ಕಿ, ರವೆ, ಗೋಧಿಯಲ್ಲೇ ಮುಗಿದ ಊಟ. ಕಾಫಿ, ಹಾಲಿನ ಜೊತೆ ನುಂಗಿದ ಮಾತ್ರೆ. ಮುಂದಿನ ಹೆಜ್ಜೆಗಳಲ್ಲಿ ನಿಮಗೆ ಯಾವುದು ಮುಖ್ಯ ಎಂಬುದನ್ನು ಈ ಗುರುತುಗಳೇ ಹೇಳುತ್ತವೆ.

ಹೆಜ್ಜೆ 2: ಕಾಫಿ, ಚಹಾವನ್ನು ಊಟದಿಂದ ದೂರ ಸರಿಸಿ

ಇಡ್ಲಿ ಮುಗಿಯುವ ಹೊತ್ತಿಗೆ ಕಾಫಿ ಬರಬೇಕು ಎನ್ನುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಉತ್ತರ ಕರ್ನಾಟಕದಲ್ಲಿ ಚೂಡಾ, ಅವಲಕ್ಕಿಯ ಜೊತೆ ಚಹಾ ಇಲ್ಲದಿದ್ದರೆ ಆದರವೇ ಆಗಲಿಲ್ಲ ಎಂದುಕೊಳ್ಳುತ್ತಾರೆ. ಈ ಅಭ್ಯಾಸದ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವವರು ಹೆಣ್ಣುಮಕ್ಕಳು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಅರ್ಧಕ್ಕೆ ತುಸುವೇ ಕಡಿಮೆ. ಇದಕ್ಕೆ ಕಾಫಿಯೊಂದೇ ಕಾರಣವಲ್ಲ, ನಿಜ. ಆದರೆ ಮೊದಲೇ ಕಬ್ಬಿಣದ ಕೊರತೆ ಇರುವ ತಟ್ಟೆಯಿಂದ ಇನ್ನಷ್ಟು ಕಿತ್ತುಕೊಳ್ಳುವ ಪಾನೀಯವನ್ನು ಅದರ ಪಕ್ಕದಲ್ಲೇ ಇಡುವುದು ಯಾಕೆ?

ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವಂಥದ್ದಲ್ಲ. ಅದು ಜೊತೆಗಾರರನ್ನು ನೋಡಿ ನಡೆಯುತ್ತದೆ. ಪಕ್ಕದಲ್ಲಿ ಚಹಾದ ಟ್ಯಾನಿನ್ ಎಂಬ ಪಾಲಿಫಿನಾಲ್ ಇದ್ದರೆ ಅದಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತದೆ. ನಿಂಬೆ, ನೆಲ್ಲಿ, ಸೀಬೆಯ ವಿಟಮಿನ್ ಸಿ ಇದ್ದರೆ ಕರಗಿ ರಕ್ತ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವುದೂ ಇದನ್ನೇ: ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಕಾಫಿ, ಚಹಾ ಬೇಡ.

ಮಾಡುವ ಬಗೆ ಹೀಗೆ. ಬೆಳಗಿನ ಕಾಫಿ ಎದ್ದಾಗಲೇ ಆಗಲಿ, ತಿಂಡಿ ಒಂದು ಗಂಟೆಯ ಮೇಲೆ ಬರಲಿ. ಖಾಲಿ ಹೊಟ್ಟೆಯ ಕಾಫಿಯಿಂದ ಎದೆಯುರಿ ಬರುವವರು ಮೊದಲು ತಿಂಡಿ ಮುಗಿಸಿ ಹತ್ತು ಹನ್ನೊಂದು ಗಂಟೆಗೆ ಕುಡಿಯಲಿ. ತಿಂಡಿಯ ಕೊನೆಯಲ್ಲಿ ಏನಾದರೂ ಬೇಕೇ ಬೇಕು ಅನ್ನಿಸಿದರೆ ಒಂದು ಸೀಬೆ ಹೋಳು, ಕಿತ್ತಳೆ ಎಸಳು ಅಥವಾ ನಿಂಬೆ ಹಿಂಡಿದ ಕೋಸಂಬರಿ ಆ ಜಾಗಕ್ಕೆ ಬರಲಿ. ಮಧ್ಯಾಹ್ನದ ಊಟವಾದ ಕೂಡಲೇ ಚಹಾ ಕುಡಿಯುವವರು ಅದನ್ನು ನಾಲ್ಕು ಗಂಟೆಗೆ ಮುಂದೂಡಲಿ. ಲೋಟಗಳ ಸಂಖ್ಯೆ ಕಡಿಮೆ ಮಾಡುವ ಮಾತು ಈ ವಾರ ಬೇಡ, ಬರೀ ಹೊತ್ತು ಬದಲಾಗಲಿ.

ಸಂಖ್ಯೆಯ ಮಾತು ಮುಂದಿನ ವಾರಕ್ಕೆ. ಅದೇ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು. 150 ಮಿಲಿಲೀಟರ್ ಕಪ್ಪಿನ ಲೆಕ್ಕದಲ್ಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಗಟ್ಟಿ ಡಿಕಾಕ್ಷನ್ ಇಷ್ಟಪಡುವವರು ಮೂರು ಲೋಟದೊಳಗೆ ನಿಲ್ಲುವುದು ಒಳ್ಳೆಯದು. ಗರ್ಭಿಣಿಯರಿಗೆ ಒಟ್ಟು 200 ಮಿಲಿಗ್ರಾಂ ಮೀರದಂತೆ, ಅಂದರೆ ಎರಡು ಸಣ್ಣ ಲೋಟದೊಳಗೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ನಿದ್ದೆ ಬಾರದೆ ಹೊರಳಾಡುವವರು ಮಾತ್ರೆ ಕೇಳುವ ಮೊದಲು ಈ ಸಂಜೆಯ ಲೋಟವನ್ನು ಎರಡು ವಾರ ನಿಲ್ಲಿಸಿ ನೋಡಬೇಕು.

ಕಾಫಿ ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಎಂದು ನೋಡಿ. ಕಾಫಿ ಮತ್ತು ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂಬುದು ನಮ್ಮ ನಿಯಮ, ಅದನ್ನು ಪೊಟ್ಟಣದ ಮೇಲೆ ನಮೂದಿಸಲೇಬೇಕು. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಕೆಫೀನ್ ಕಡಿಮೆ ಮಾಡಿಕೊಳ್ಳಬೇಕಾದವರಿಗೆ ಚಿಕೋರಿ ಹೆಚ್ಚಿರುವ ಪುಡಿ ಒಂದು ದಾರಿ. ಅಪ್ಪಟ ಕಾಫಿಯ ದುಡ್ಡು ಕೊಟ್ಟು ಅದನ್ನು ತರುವುದು ಮಾತ್ರ ನಷ್ಟ. ಕಾಫಿ ಬಗ್ಗೆ ವಿನಾಕಾರಣ ಹೆದರಬೇಕಾಗಿಲ್ಲ. ಮಿತವಾಗಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಮತ್ತು ಯಕೃತ್ತಿನ ಕೆಲವು ಕಾಯಿಲೆಗಳು ಕಡಿಮೆ ಕಂಡುಬಂದಿವೆ. ಆದರೆ ಆ ಲಾಭ ಮೂರು ಚಮಚ ಸಕ್ಕರೆ ಬೆರೆತ ಕಾಫಿಗೆ ಅನ್ವಯಿಸುತ್ತದೆ ಎಂದು ಭಾವಿಸಬೇಡಿ.

ಹೆಜ್ಜೆ 3: ಮಾತ್ರೆಯ ಪಕ್ಕದ ಲೋಟ ನೋಡಿ

ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಥೈರಾಯ್ಡ್ ಮಾತ್ರೆಯ ಸೀಸೆ, ಕ್ಯಾಲ್ಸಿಯಂ ಡಬ್ಬಿ, ಸ್ಟೀಲ್ ಲೋಟದಲ್ಲಿ ಹೊಗೆಯಾಡುವ ಕಾಫಿ ಮೂರೂ ಪಕ್ಕಪಕ್ಕ ಇರುತ್ತವೆ. ಈ ನೋಟ ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕಾಫಿ ಅಥವಾ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಮಾತ್ರೆ ತಪ್ಪದೆ ತೆಗೆದುಕೊಂಡರೂ ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಲ್ಲಿ ರಕ್ತದಲ್ಲಿ ಏರುವ ಹಾರ್ಮೋನು) ಇಳಿಯುತ್ತಿಲ್ಲ ಎಂದು ಡೋಸ್ ಏರಿಸಿಕೊಳ್ಳುವವರಲ್ಲಿ ಕೆಲವರಿಗೆ ಬೇಕಾಗಿರುವುದು ಕಾಫಿಯನ್ನು ಮುಂದೂಡುವುದಷ್ಟೇ. ವೈದ್ಯರನ್ನು ಕಾಣುವಾಗ ಈ ಹೊತ್ತಿನ ವಿವರವನ್ನು ನೀವೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.

ಕಬ್ಬಿಣದ ಮಾತ್ರೆಯನ್ನು ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ. ನಿಂಬೆ ನೀರಿನ ಜೊತೆ ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಒಂದು ವಾರ ಇಲ್ಲವೇ ಇಲ್ಲ, ಮರುವಾರ ದಿನಾ ಬಸ್ಸಾರು ಎಂದರೆ ಸೊಪ್ಪಿನ ವಿಟಮಿನ್ ಕೆ ಔಷಧದ ಲೆಕ್ಕವನ್ನು ತಪ್ಪಿಸುತ್ತದೆ. ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ಸಸ್ಯಾಹಾರಿಗಳಾದರೆ ಮೊದಲೇ ಕಡಿಮೆ. ಕಾಲು ಜುಮ್ಮೆನ್ನುವುದು, ಮರೆವು, ಸುಸ್ತು ಇದ್ದರೆ ವಯಸ್ಸಾಯಿತು ಎಂದು ಸುಮ್ಮನಾಗದೆ ಪರೀಕ್ಷೆ ಮಾಡಿಸಿ.

ಹೆಜ್ಜೆ 4: ರಾಗಿಯನ್ನು ತಿನ್ನುವವರಿಗೆ ತಕ್ಕಂತೆ ಮಾಡಿ

ರಾಗಿಯ ಹೊಗಳಿಕೆ ಈಗ ಎಲ್ಲ ಕಡೆ ಕೇಳುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲೆ ರಾಗಿ ಬಿಸ್ಕತ್ತು, ರಾಗಿ ನೂಡಲ್ಸ್ ಎಲ್ಲವೂ ಬಂದಿವೆ. ಹೊಗಳಿಕೆಗೆ ಆಧಾರ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ನಾರಿನಂಶವೂ ಪಾಲಿಶ್ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಇರುವುದೆಲ್ಲ ದೇಹಕ್ಕೆ ಸಿಗುವುದಿಲ್ಲ. ರಾಗಿಯ ಹೊಟ್ಟಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್, ಕ್ಯಾಲ್ಸಿಯಂ ಕಬ್ಬಿಣ ಎರಡನ್ನೂ ಕಟ್ಟಿಹಾಕುತ್ತವೆ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಈ ಮೂರೂ ಆ ಕಟ್ಟನ್ನು ಸಡಿಲಿಸುತ್ತವೆ. ರಾತ್ರಿ ಗಂಜಿ ಕಾಸಿಟ್ಟು ಬೆಳಗ್ಗೆ ಮಜ್ಜಿಗೆ ಬೆರೆಸಿ ಕುಡಿಯುವ ಅಂಬಲಿಯಲ್ಲಿ ನಮ್ಮ ಹಿರಿಯರು ಇದನ್ನೇ ಮಾಡುತ್ತಿದ್ದರು.

ಮೊಳಕೆ ಹಿಟ್ಟು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಸೇರು ರಾಗಿಯನ್ನು ಕಲ್ಲು, ದೂಳು ಹೋಗುವವರೆಗೆ ನಾಲ್ಕೈದು ಬಾರಿ ತೊಳೆಯಿರಿ. ಮೇಲೆ ತೇಲುವ ಜಳ್ಳನ್ನು ಬಸಿದು ಬಿಡಿ. ರಾತ್ರಿಯಿಡೀ ನೆನೆಸಿ. ಬೆಳಗ್ಗೆ ನೀರು ಪೂರ್ತಿ ಬಸಿದು ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ತೂತಿನ ಪಾತ್ರೆಯಲ್ಲಿಡಿ. ಗಂಟನ್ನು ಬಿಗಿದರೆ ನಡುವಿನ ಕಾಳು ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಒಂದೆರಡು ದಿನದಲ್ಲಿ ಬಟ್ಟೆಯ ಎಳೆಗಳ ಸಂದಿನಿಂದ ಬಿಳಿ ಬೇರುಗಳು ಇಣುಕುತ್ತವೆ. ಕಪ್ಪು, ಹಸಿರು ಬೂಷ್ಟು ಕಂಡರೆ ಇಡೀ ಗಂಟನ್ನೇ ಎಸೆಯಿರಿ, ಆರಿಸಿ ಉಳಿಸಿಕೊಳ್ಳಬೇಡಿ. ಮೊಳಕೆಯನ್ನು ನೆರಳಿನಲ್ಲಿ ಗಲಗಲ ಎನ್ನುವವರೆಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು ಮಿಲ್ಲಿಗೆ ಕೊಡಿ.

ಈ ಹಿಟ್ಟಿನ ಒಂದು ವಿಶೇಷ: ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ದಪ್ಪವಾಗುವುದಿಲ್ಲ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಮಗು ಸಲೀಸಾಗಿ ನುಂಗುತ್ತದೆ, ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಆರು ತಿಂಗಳು ತುಂಬಿದ ಕೂಸಿಗೆ ರಾಗಿ ಸರಿ, ಮಣ್ಣಿ ಮಾಡಲು ಇದು ಬಹಳ ಒಳ್ಳೆಯದು. ಒಂದು ವರ್ಷದವರೆಗೆ ಅದಕ್ಕೆ ಸಕ್ಕರೆ, ಉಪ್ಪು ಬೇಡ. ಜೇನುತುಪ್ಪವನ್ನಂತೂ ನಾಲಿಗೆಗೆ ಸವರಲೂ ಬಾರದು. ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಗಳು ಹಸುಗೂಸಿನ ಪ್ರಾಣಕ್ಕೇ ಎರವಾಗಬಲ್ಲವು. ಹಿರಿಯರು ಪ್ರೀತಿಯಿಂದಲೇ ಮಾಡುವ ಕೆಲಸ ಇದು, ಆದರೂ ವಿನಯದಿಂದ ತಡೆಯಿರಿ.

ಮಧುಮೇಹ ಇರುವವರಿಗೆ ಲೆಕ್ಕ ತಿರುಗಿ ನಿಲ್ಲುತ್ತದೆ. ನುಣುಪಾದ ಹಿಟ್ಟು, ಮೊಳಕೆಯಲ್ಲಿ ಒಡೆದ ಪಿಷ್ಟ, ಕುಡಿಯುವಷ್ಟು ತೆಳ್ಳಗಿನ ಗಂಜಿ ಈ ಮೂರೂ ಸಕ್ಕರೆಯನ್ನು ಬೇಗ ಏರಿಸುತ್ತವೆ. ಅವರಿಗೆ ಗಂಜಿಗಿಂತ ಮುದ್ದೆ ಅಥವಾ ಸೊಪ್ಪು, ಈರುಳ್ಳಿ ಹಾಕಿದ ರೊಟ್ಟಿ ವಾಸಿ. ಅದೂ ಎಷ್ಟು? ರಾಗಿಯಲ್ಲೂ ಪಿಷ್ಟವೇ ಮುಕ್ಕಾಲು ಪಾಲಿನ ಹತ್ತಿರ ಇದೆ. ರಾಗಿ ಎಂದು ಎರಡು ದೊಡ್ಡ ಮುದ್ದೆ ಉಂಡು, ಮೇಲೆ ಅನ್ನವನ್ನೂ ಉಂಡರೆ ಪ್ರಯೋಜನವಿಲ್ಲ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದು ದಿನ ಒಂದು ಸಣ್ಣ ಮುದ್ದೆ ಉಂಡು ಎರಡು ಗಂಟೆಯ ಮೇಲೆ ನೋಡಿ, ಇನ್ನೊಂದು ದಿನ ನಿಮ್ಮ ಎಂದಿನ ಅಳತೆಯಲ್ಲಿ ಉಂಡು ನೋಡಿ. ಬೇರೆಯವರ ಸಲಹೆಗಿಂತ ಆ ಎರಡು ಅಂಕಿಗಳು ಹೆಚ್ಚು ಕಲಿಸುತ್ತವೆ.

ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಮುದ್ದೆಗೆ ಹುರುಳಿ ಸಾರು, ಅವರೆಕಾಳು ಸಾರು, ಉಪ್ಸಾರಿನ ಜೊತೆ ಕಾಳುಪಲ್ಯ ಕೂಡಿಬಂದದ್ದು ರುಚಿಯ ಜೊತೆಗೆ ಪೋಷಣೆಯ ದೃಷ್ಟಿಯಿಂದಲೂ ಸರಿಯಾದ ಜೋಡಿ. ಅಂಗಡಿಯ ರಾಗಿ ಮಾಲ್ಟ್ ತರುವುದಾದರೆ ಡಬ್ಬದ ಹಿಂಬದಿಯ ಪಟ್ಟಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆ ಮೊದಲ ಎರಡು ಸ್ಥಾನದಲ್ಲಿದ್ದರೆ ಅದು ರಾಗಿಯ ಹೆಸರಿನ ಸಕ್ಕರೆ ಪುಡಿ.

ಹೆಜ್ಜೆ 5: ಸೊಪ್ಪಿನ ಕಟ್ಟನ್ನು ಯಾರು ಕುಡಿಯಬೇಕು?

ಬಸ್ಸಾರು ಮಾಡುವವರು ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಆ ಕಟ್ಟಿಗೆ ಖಾರ ಕೂಡಿಸಿ ಸಾರು ಮಾಡುತ್ತಾರೆ. ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ನೀರಿನಲ್ಲಿ ಕರಗುವ ಫೋಲೇಟ್, ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ಎಲ್ಲವೂ ಮೋರಿಗೆ ಹೋಗದೆ ತಟ್ಟೆಗೆ ಬರುತ್ತವೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ಮನೆಗಳು ಇದನ್ನು ಕಲಿಯಬೇಕು.

ಮೂತ್ರಪಿಂಡದಲ್ಲಿ ಕಲ್ಲಾದವರ ವಿಷಯ ಬೇರೆ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಪಾಲಕ್, ದಂಟು, ಹರಿವೆ, ಬಸಳೆಯಲ್ಲಿ ಆಕ್ಸಲೇಟ್ ಹೆಚ್ಚು, ಅದು ಕೂಡ ಕಟ್ಟಿಗೇ ಇಳಿಯುತ್ತದೆ. ಅಂಥವರು ಆ ನೀರನ್ನು ಚೆಲ್ಲಬೇಕು, ಮೆಂತ್ಯ ಸೊಪ್ಪು, ಎಲೆಕೋಸು ಹೆಚ್ಚು ಬಳಸಬೇಕು. ಸೊಪ್ಪಿನ ಊಟದಲ್ಲಿ ಮೊಸರು ಇರಲಿ: ಕರುಳಿನಲ್ಲೇ ಕ್ಯಾಲ್ಸಿಯಂ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕಲ್ಲಾಗಿದೆ ಎಂದು ಹಾಲು ಮೊಸರನ್ನೇ ಬಿಡುವುದು ತಪ್ಪು ತಿಳಿವಳಿಕೆ, ಅದರಿಂದ ಕಲ್ಲಿನ ಸಾಧ್ಯತೆ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯ ನೀರು. ಮೂತ್ರ ತಿಳಿಹಳದಿಯಾಗಿರುವಷ್ಟು ಕುಡಿಯಿರಿ.

ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ನಿಂಬೆಯನ್ನು ಒಲೆ ಆರಿಸಿದ ಮೇಲೆ, ಪಾತ್ರೆಯ ಆವಿ ಇಳಿದ ಮೇಲೆ ಹಿಂಡಿ. ಚಿತ್ರಾನ್ನದ ಒಗ್ಗರಣೆ ಚಟಪಟ ಎನ್ನುವಾಗಲೇ ನಿಂಬೆರಸ ಸುರಿದರೆ ಹುಳಿ ಉಳಿಯುತ್ತದೆ, ವಿಟಮಿನ್ ಸಿ ಒಂದಷ್ಟು ಹೋಗಿರುತ್ತದೆ.

ಹೆಜ್ಜೆ 6: ಅನ್ನವನ್ನು ಊಟದ ಎರಡನೆಯ ಸುತ್ತಿಗೆ ಇಡಿ

ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ಆಮೇಲೆ ಬರುತ್ತದೆ. ಮನೆಯ ತಟ್ಟೆಯಲ್ಲೂ ಇದೇ ಕ್ರಮ ಹಿಡಿಯಿರಿ. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ಉಂಡರೆ ಊಟದ ನಂತರದ ಸಕ್ಕರೆ ನಿಧಾನವಾಗಿ ಏರುತ್ತದೆ. ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು. ಉಳಿದ ಕಾಲು ಅನ್ನ ಅಥವಾ ಮುದ್ದೆ. ನಮ್ಮಲ್ಲಿ ಸಾಮಾನ್ಯವಾಗಿ ಮುಕ್ಕಾಲು ತಟ್ಟೆ ಅನ್ನ, ಮೇಲೆ ತಿಳಿಸಾರು. ಸಾರಿನ ತಳದಲ್ಲಿ ಬೇಳೆ ಇದೆ ಎಂಬ ಸಮಾಧಾನ ಸಾಲದು, ಸೌಟನ್ನು ತಳಕ್ಕೆ ಇಳಿಸಿ ಬಡಿಸಿಕೊಳ್ಳಿ. ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ.

ಕರಾವಳಿಯ ಕುಚ್ಚಲಕ್ಕಿ ಬೇಯಿಸಿ ಒಣಗಿಸಿದ ಭತ್ತದ್ದು. ಆ ಬೇಯಿಸುವಿಕೆಯಲ್ಲಿ ತೌಡಿನ ಥಯಾಮಿನ್ ಮುಂತಾದ ಬಿ ವಿಟಮಿನ್‌ಗಳು ಅಕ್ಕಿಯ ಒಳಕ್ಕೆ ಇಳಿಯುತ್ತವೆ, ಪಾಲಿಶ್ ಮಾಡಿದರೂ ಒಂದಷ್ಟು ಉಳಿಯುತ್ತವೆ. ಭತ್ತವನ್ನು ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಇದು ಮೇಲು. ಗಂಜಿ ಊಟದ ದೋಷ ಇರುವುದು ಅದರ ಜೊತೆಯ ಉಪ್ಪಿನಕಾಯಿ ಮತ್ತು ಒಣಮೀನಿನ ಉಪ್ಪಿನಲ್ಲಿ.

ಉಳಿದ ಅನ್ನದ ಬಗ್ಗೆ ಒಂದು ಎಚ್ಚರಿಕೆ. ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಕುಕ್ಕರಿನಲ್ಲೇ ಗಂಟೆಗಟ್ಟಲೆ ಬೆಚ್ಚಗೆ ಬಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗ್ಗೆ ಚಿತ್ರಾನ್ನ ಮಾಡುವ ಯೋಚನೆ ಇದ್ದರೆ ರಾತ್ರಿ ಊಟವಾದ ಕೂಡಲೇ ಅನ್ನವನ್ನು ಅಗಲ ಪಾತ್ರೆಯಲ್ಲಿ ಹರಡಿ ಆರಿಸಿ, ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಒಮ್ಮೆ ಮಾತ್ರ ಚೆನ್ನಾಗಿ ಬಿಸಿ ಮಾಡಿ.

ಹೆಜ್ಜೆ 7: ಉಪ್ಪು, ಸಕ್ಕರೆ, ಎಣ್ಣೆಯನ್ನು ದಿನಸಿ ಚೀಟಿಯಲ್ಲೇ ಅಳೆಯಿರಿ

ಚಮಚದಲ್ಲಿ ಅಳೆಯುವುದು ಎರಡು ದಿನ ನಡೆಯುತ್ತದೆ, ಆಮೇಲೆ ಕೈಯಳತೆಯೇ. ತಿಂಗಳ ಸಾಮಾನಿನ ಚೀಟಿ ಹೆಚ್ಚು ಪ್ರಾಮಾಣಿಕ. ನಾಲ್ಕು ಜನ ದೊಡ್ಡವರ ಮನೆ ಎಂದಿಟ್ಟುಕೊಳ್ಳಿ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪೊಟ್ಟಣ ತಿಂಗಳಿಗೇ ಖಾಲಿಯಾಗುತ್ತಿದ್ದರೆ ಒಬ್ಬೊಬ್ಬರಿಗೆ 8 ಗ್ರಾಂ ದಾಟಿದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹೋಟೆಲು ಬೇರೆ. ಸೈಂಧವ ಲವಣವೂ ಸೋಡಿಯಂ ಕ್ಲೋರೈಡ್‌ ಎಂಬುದನ್ನು ಮರೆಯಬೇಡಿ. ಬಿಪಿ ಇರುವವರಿಗೆ ಅದು ಸುರಕ್ಷಿತವಲ್ಲ, ಮೇಲಾಗಿ ಹೆಚ್ಚಿನವುಗಳಲ್ಲಿ ಅಯೋಡಿನ್ ಬೆರೆಸಿರುವುದಿಲ್ಲ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಉಪ್ಪು ಹಾಕುವುದನ್ನು ನಿಲ್ಲಿಸಿದರೆ ರುಚಿಗೆ ದೊಡ್ಡ ಕೊರತೆಯಿಲ್ಲದೆ ಸಾಕಷ್ಟು ಇಳಿಯುತ್ತದೆ.

ಸಕ್ಕರೆ ಮತ್ತು ಬೆಲ್ಲವನ್ನು ಕೂಡಿಸಿ ಬರೆಯಿರಿ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇದ್ದರೂ ಅದರ ಹೆಚ್ಚಿನ ಪಾಲು ಸಕ್ಕರೆಯೇ. ಶುಗರ್ ಇದೆ, ಅದಕ್ಕೇ ಬೆಲ್ಲದ ಕಾಫಿ ಎನ್ನುವವರ ಮೇಲೆ ನನಗೆ ಕನಿಕರ ಬರುತ್ತದೆ, ಯಾರೋ ಅವರಿಗೆ ತಪ್ಪು ಭರವಸೆ ಕೊಟ್ಟಿದ್ದಾರೆ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಂದರೆ ನಾಲ್ವರಿಗೆ ತಿಂಗಳಿಗೆ 3 ಕಿಲೋ, ಬಿಸ್ಕತ್ತು, ಬೇಕರಿ, ತಂಪು ಪಾನೀಯ ಎಲ್ಲ ಸೇರಿ.

ಎಣ್ಣೆ, ತುಪ್ಪ ಸೇರಿ ಅದೇ ಮನೆಗೆ ಸುಮಾರು ಮೂರು ಲೀಟರ್ ಸಾಕು. ಕೊಬ್ಬರಿ ಎಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬಿದ್ದು, ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ; ಶೇಂಗಾ ಎಣ್ಣೆಯಲ್ಲಿ ಅದು ಐದನೆಯ ಒಂದು ಪಾಲಿನಷ್ಟು. ಕರಾವಳಿಯವರು ಒಗ್ಗರಣೆಯ ಘಮಕ್ಕಷ್ಟು ಕೊಬ್ಬರಿ ಎಣ್ಣೆ ಇಟ್ಟುಕೊಂಡು ಉಳಿದದ್ದಕ್ಕೆ ಶೇಂಗಾ, ಎಳ್ಳು, ಕುಸುಬೆ ಎಣ್ಣೆಗಳನ್ನು ಬದಲಾಯಿಸಿ ಬಳಸಬಹುದು. ಕಾಯಿಚಟ್ನಿಯಲ್ಲಿ ನಾರೂ ಇರುವುದರಿಂದ ಅದಕ್ಕೆ ಅಷ್ಟು ಹೆದರಬೇಕಿಲ್ಲ. ಹಬ್ಬದಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದಲ್ಲಿ ಪಲ್ಯ, ಒಗ್ಗರಣೆಗೆ ಮುಗಿಸಿ. ಮತ್ತೆ ಕರಿಯಲು ಬೇಡ. ನೊರೆಯೆದ್ದರೆ, ಕಪ್ಪಾದರೆ, ಬೇಗ ಹೊಗೆಯಾಡಿದರೆ ಚೆಲ್ಲಿ.

ಹೆಜ್ಜೆ 8: ತಂಪು ಎಂದು ಕುಡಿಯುವವು

ಮಜ್ಜಿಗೆಗೆ ನನ್ನ ಮೊದಲ ಮತ. ಹಾಲು ಒಗ್ಗದವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ಒಡೆದಿರುತ್ತವೆ. ಸಸ್ಯಾಹಾರಿಗಳಿಗೆ ಬಿ12 ಸಿಗುವ ಕೆಲವೇ ದಾರಿಗಳಲ್ಲಿ ಹಾಲು, ಮೊಸರು ಮುಖ್ಯವಾದವು. ಮಜ್ಜಿಗೆ, ನಿಂಬೆ ಪಾನಕವನ್ನು ತಾಮ್ರದ ಪಾತ್ರೆಯಲ್ಲಿ, ಕಲಾಯಿ ಹೋದ ಹಿತ್ತಾಳೆಯಲ್ಲಿ ಇಡಬೇಡಿ. ಹುಳಿಗೆ ಲೋಹ ಕರಗಿ ವಾಂತಿ, ಹೊಟ್ಟೆನೋವು ಬರುತ್ತದೆ.

ಎಳನೀರು ಸಕ್ಕರೆ ಪಾನೀಯಗಳಿಗಿಂತ ಎಷ್ಟೋ ಮೇಲು. 300 ಮಿಲಿಲೀಟರಿನ ಒಂದು ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ದಿನದ ಪಾಲು ಅಲ್ಲಿಗೇ ಮುಗಿಯಿತು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಬಿಪಿ, ಹೃದಯಕ್ಕೆಂದು ಪೊಟ್ಯಾಸಿಯಂ ಏರಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ಭೇದಿಯಾದಾಗ ಎಳನೀರೊಂದೇ ಸಾಲದು, ಅದರಲ್ಲಿ ಸೋಡಿಯಂ ಕಡಿಮೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಿ.

ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಮೂರು ಕಿತ್ತಳೆ ಹಿಂಡಿದ ರಸವನ್ನು ಅರೆ ನಿಮಿಷದಲ್ಲಿ ಕುಡಿಯುತ್ತೇವೆ, ಮೂರು ಕಿತ್ತಳೆಯನ್ನು ಒಟ್ಟಿಗೆ ಯಾರೂ ತಿನ್ನುವುದಿಲ್ಲ. ಕಷಾಯದ ಪುಡಿಯಲ್ಲಿ ಜ್ಯೇಷ್ಠಮಧು ಇದ್ದರೆ ಬಿಪಿ ಇರುವವರು ದಿನಾ ಕುಡಿಯಬಾರದು. ಗಂಟಲಿಗೆ ಹಿತವಾದ ಅದೇ ಬೇರು ಹೆಚ್ಚಾದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ಹೆಜ್ಜೆ 9: ಫಲ ಸಿಕ್ಕಿತೇ ಎಂದು ನೋಡುವುದು

ಮೊದಲ ಹೆಜ್ಜೆ ಇಡುವ ವಾರದಲ್ಲೇ ಹಿಮೋಗ್ಲೋಬಿನ್, ಬಿಪಿ, ಮೂವತ್ತು ದಾಟಿದವರಾದರೆ ರಕ್ತದ ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ದಿನಾಂಕದ ಸಮೇತ ಬರೆದಿಡಿ. ಉಪ್ಪು ಇಳಿಸಿದ ಪರಿಣಾಮ ಬಿಪಿಯಲ್ಲಿ ಕೆಲವು ವಾರಗಳಲ್ಲೇ ಕಾಣುತ್ತದೆ. ಉಳಿದೆರಡಕ್ಕೆ ಆತುರ ಬೇಡ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ, ಎಚ್‌ಬಿಎ1ಸಿ ತೋರಿಸುವುದೂ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು. ಹದಿನೈದು ದಿನಕ್ಕೆ ಪರೀಕ್ಷೆ ಮಾಡಿಸಿ ಏನೂ ಬದಲಾಗಿಲ್ಲ ಎಂದು ನಿರಾಶರಾಗಬೇಡಿ, ಮೂರು ತಿಂಗಳಿಗೆ ಮತ್ತೆ ಮಾಡಿಸಿ.

ಮೊದಲ ಪರೀಕ್ಷೆಯಲ್ಲೇ ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಬಂದರೆ ಊಟ ತಿದ್ದಿ ಕಾಯುತ್ತಾ ಕೂರಬೇಡಿ, ವೈದ್ಯರನ್ನು ಕಂಡು ಮಾತ್ರೆ ಶುರು ಮಾಡಿ. ಕಾಫಿ ಮುಂದೂಡುವುದು, ನಿಂಬೆ ಹಿಂಡುವುದು ಅದರ ಜೊತೆಗೇ ನಡೆಯಲಿ. ಗರ್ಭಿಣಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಇಲ್ಲಿನ ಯಾವ ಬದಲಾವಣೆಯನ್ನಾದರೂ ತಮ್ಮ ವೈದ್ಯರಿಗೆ ಹೇಳಿಯೇ ಮಾಡಬೇಕು. ಅನ್ನ ಅರ್ಧಕ್ಕೆ ಇಳಿಸಿ ಇನ್ಸುಲಿನ್ ಮಾತ್ರ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆ ಮನೆಯಲ್ಲಿ ಬದಲಾವಣೆಯ ಮೊದಲ ವಾರ ಗ್ಲುಕೋಮೀಟರ್ ಪಟ್ಟಿಗಳು ಸಾಕಷ್ಟಿರಲಿ, ಮಲಗುವ ಜಾಗದ ಹತ್ತಿರ ಒಂದು ಡಬ್ಬಿಯಲ್ಲಿ ಸಕ್ಕರೆಯೂ ಇರಲಿ.